ಡಿಶ್ಶಿನ ಎರಡನೇ ಕೀಲಿಕೈ

ಒಂದು ಕೀಲಿಕೈ ಮಾಡಿಸಿಕೊಟ್ಟರೆ ಮೂರು ವರ್ಷದ ಗ್ರೀಸ್ ಸಪ್ಲೈ ನನಗೆ. ವ್ಯವಹಾರ ಇಷ್ಟೇ. ಬಾಯಿಮಾತಿನಲ್ಲಿ ಆಗಿದ್ದು, ಕಾಗದವಿಲ್ಲ, ಸಾಕ್ಷಿಯಿಲ್ಲ. ಕೀಲಿಕೈಗೆ ಬಿದ್ದ ಖರ್ಚು ಎರಡು ಟೀ ಕುಡಿದಷ್ಟು. ಮೂವತ್ತು ವರ್ಷದಿಂದ ಬೇರಿಂಗು, ಗ್ರೀಸು, ನಟ್ಟು ಬೋಲ್ಟು ಮಾರಿಕೊಂಡು ಬಂದವನು ನಾನು. ಅಷ್ಟು ಅಗ್ಗದಲ್ಲಿ ಅಷ್ಟು ದೊಡ್ಡ ಗಿರಾಕಿ ಮತ್ತೆ ಕೈಗೆ ಹತ್ತಿಲ್ಲ.

ಕೀಲಿಕೈ ಕೇಳಿದವರು ನಮ್ಮ ಭಾವ, ಅಕ್ಕನ ಗಂಡ. ಅವರಿಗಾದದ್ದನ್ನೇ ಈಗ ಹೇಳುತ್ತಿರೋದು. ದೆವ್ವ ಗಿವ್ವ ಅಂದರೆ ಎದುರಿಗೇ ನಕ್ಕುಬಿಡುವವನು ನಾನು. ಇದನ್ನು ನಿಮಗೆ ನಂಬಿಸಿ ನನಗೆ ಕವಡೆ ಲಾಭವಿಲ್ಲ. ಕೇಳಿ, ಅಷ್ಟೇ.

ಭಾವ ದಿನಾ ಬೆಳಗಿನ ಜಾವ ಮೂರಕ್ಕೆ ನಡೆದುಕೊಂಡು ಮನೆಗೆ ಬರುವ ಮನುಷ್ಯ. ಅವರ ಕೆಲಸ ಡಿಶ್ ತಿರುಗಿಸೋದು. ಮನೆ ಮೇಲಿನ ಟೀವಿ ಡಿಶ್ ಅಲ್ಲ. ಎಂಟು ಮಾಳಿಗೆ ಎತ್ತರದ ಕಬ್ಬಿಣದ ಕಾಲು, ಅದರ ತಲೆ ಮೇಲೆ ಒಂದು ಶಾಲೆಯ ಅಂಗಳ ಮುಚ್ಚುವಷ್ಟು ಅಗಲದ ಬೋಗುಣಿ. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ದೂರದರ್ಶಕ. ಅದರ ಕಿವಿ ಎಷ್ಟು ಸೂಕ್ಷ್ಮ ಅಂದರೆ, ಕಾಂಪೌಂಡಿನೊಳಗೆ ಮೊಬೈಲ್ ಇಲ್ಲ. ಪೆಟ್ರೋಲ್ ಗಾಡಿ ಇಲ್ಲ, ಅದರ ಪ್ಲಗ್ಗಿನ ಕಿಡಿಯೂ ಅದಕ್ಕೆ ಗುಡುಗಿನ ಹಾಗೆ ಕೇಳುತ್ತದಂತೆ. ನನ್ನ ಡೀಸೆಲ್ ವ್ಯಾನಿಗೆ ಮಾತ್ರ ಗೇಟು ತೆಗೆಯುತ್ತಿದ್ದರು. ಮಾತಾಡಬೇಕಾದರೆ ತಂತಿ ಫೋನು. ಟಾರ್ಚೂ ಹಳೇ ಬಲ್ಬಿನದೇ ಆಗಬೇಕು. ಕಂಟ್ರೋಲ್ ರೂಮಿನ ಗೋಡೆಗೆ, ಬಾಗಿಲಿಗೆಲ್ಲ ತಗಡು ಹೊಡೆದು ಮುಚ್ಚಿದ್ದರು. ಕಿಟಕಿ ಇಲ್ಲ. ಆ ಬಾಗಿಲು ಧಬ್ ಅಂತ ಮುಚ್ಚಿತೋ, ಹೊರಗೆ ಬಾಂಬು ಬಿದ್ದರೂ ಒಳಗೆ ಕೇಳದು.

ಅಲ್ಲಿಂದ ಕ್ವಾರ್ಟರ್ಸಿಗೆ ಕಾಲುದಾರಿ, ಹದಿನೈದು ನಿಮಿಷ. ಅರ್ಧ ದಾರಿಯಲ್ಲಿ ಒಂದು ಬಾವಿ. ಡಿಶ್ ಕಟ್ಟುವಾಗ ಕಾಂಕ್ರೀಟಿನ ನೀರಿಗೆ ತೋಡಿದ್ದು, ಆಮೇಲೆ ಯಾರೂ ಸೇದಿದ್ದಿಲ್ಲ.

ಡಿಶ್ಶಿಗೆ ಕೀಲು ಇವೆ, ಬೇರಿಂಗ್ ಇವೆ. ಅವಕ್ಕೆ ಗ್ರೀಸ್ ಹಾಕುವವನೊಬ್ಬನಿದ್ದ. ಎಲ್ಲರ ಬಾಯಲ್ಲೂ ಗ್ರೀಸಣ್ಣ. ಭಾವನ ಪಕ್ಕದ ಮನೆಯವನೇ. ಹೆಂಡತಿ, ಶಾಲೆಗೆ ಹೋಗುವ ಮಗಳು. ಒಣಕಲು ಆಳು, ಮೇಲೆ ಹತ್ತಿದರೆ ಮಾತ್ರ ಅಳಿಲು.

ಮೇಲೆ ಹತ್ತುವುದಕ್ಕೆ ಒಂದು ಕಟ್ಟಳೆ ಇತ್ತು. ಹತ್ತುವವನು ಮೊದಲು ಕಂಟ್ರೋಲ್ ರೂಮಿನ ಪಕ್ಕದ ಕೋಣೆಯ ಮೋಟಾರ್ ಪ್ಯಾನಲ್ಲಿನಿಂದ ಕೀಲಿಕೈ ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಕೀಲಿಕೈ ಇಲ್ಲದೆ ಡಿಶ್ ಅಲುಗದು. ತನ್ನ ಜೀವ ತನ್ನ ಜೇಬಿನಲ್ಲಿ. ಮುಂಚೆ ಒಂದು ಸೈರನ್ನೂ ಇತ್ತಂತೆ, ತಿರುಗುವ ಮೊದಲು ಕೂಗಲಿಕ್ಕೆ. ಅದರ ಕಿಡಿ ರೆಕಾರ್ಡಿನಲ್ಲಿ ಗೀಟು ಬೀಳಿಸುತ್ತದೆ ಅಂತ ತಂತಿ ಕಿತ್ತಿದ್ದರು. ಉಳಿದದ್ದು ಆ ಒಂದು ಕೀಲಿಕೈ.

ಒಂದು ರಾತ್ರಿ ಗ್ರೀಸಣ್ಣ ಕೀಲಿಕೈ ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಹೋಗಿ ಮಲಗಿಬಿಟ್ಟ. ಅವನನ್ನು ಎಬ್ಬಿಸಿ ತರುವಷ್ಟರಲ್ಲಿ ನಲವತ್ತು ನಿಮಿಷ ಹಾಳಾಯಿತು. ಹಾಳಾದದ್ದು ಜೋಡಿ ಮೇಡಮ್ಮಿನ ರಾತ್ರಿ.

ಜೋಡಿ ಮೇಡಂ ಅಂದರೆ ಅಲ್ಲಿಯ ವಿಜ್ಞಾನಿ. ಹನ್ನೊಂದು ವರ್ಷದಿಂದ ಒಂದೇ ಒಂದು ಜೋಡಿಯ ಬೆನ್ನು ಬಿದ್ದಿದ್ದರಿಂದ ಆ ಹೆಸರು. ಒಮ್ಮೆ ಕ್ಯಾಂಟೀನಿನಲ್ಲಿ ಸಿಕ್ಕಾಗ ತಮಾಷೆಗೆ ಕೇಳಿದ್ದೆ.

"ಮೇಡಂ, ಅಷ್ಟು ದೊಡ್ಡ ತಟ್ಟೆ ಹಿಡ್ಕೊಂಡು ಮೇಲಿನವರ ಹತ್ರ ಏನು ಬೇಡ್ತಾ ಇದೀರಿ?"

ನಕ್ಕರು. "ಎಳೇ ಗೆಲಾಕ್ಸಿ, ಸಾಹುಕಾರ್ರೇ. ಕೋಟಿ ಕೋಟಿ ನಕ್ಷತ್ರದ ಗುಂಪು. ನಡುವೆ ಒಂದು ಕಪ್ಪುಕುಳಿ, ಹತ್ರ ಬಂದದ್ದನ್ನೆಲ್ಲ ನುಂಗುತ್ತೆ. ನುಂಗೋ ಅವಸರದಲ್ಲಿ ಎರಡೂ ಕಡೆಗೆ ಉಗುಳುತ್ತೆ. ಕೆಲವು ಗೆಲಾಕ್ಸಿ ಈಗಷ್ಟೇ ಉಗುಳೋಕೆ ಶುರು ಮಾಡಿರ್ತವೆ. ಆ ಎಳೇವನ್ನ ನಾನು ಹುಡುಕೋದು."

"ಈಗಷ್ಟೇ ಅಂದ್ರೆ?"

"ಒಂದು ಸಾವಿರ ವರ್ಷ."

"ನಮ್ಮ ಟ್ರಾನ್ಸ್‌ಪೋರ್ಟಿನವರೂ ಹಿಂಗೇ ಮೇಡಂ. ಲಾರಿ ಈಗಷ್ಟೇ ಹೊರಟಿದೆ ಅಂತಾರೆ."

"ನನ್ನದರಲ್ಲಿ ಒಂದಲ್ಲ, ಎರಡು ಕುಳಿ ಇವೆ. ಒಂದನ್ನೊಂದು ಸುತ್ತುತ್ತಾ ಇವೆ. ನನಗೆ ಗೊತ್ತು. ತೋರಿಸೋಕೆ ಆಗ್ತಿಲ್ಲ."

"ಒಂದೇ ಅಂಗಡಿಗೆ ಇಬ್ಬರು ಯಜಮಾನರು."

"ಸರಿಯಾಗಿ ಹೇಳಿದ್ರಿ. ಕೊನೆಗೆ ಒಬ್ಬ ಇನ್ನೊಬ್ಬನನ್ನ ನುಂಗ್ತಾನೆ."

ತೋರಿಸಲು ಒಂದು ಡಿಶ್ ಸಾಲದು. ಏಳು ದೇಶದ ಏಳು ಡಿಶ್ ಒಂದೇ ಕ್ಷಣಕ್ಕೆ ಅದೇ ಕಡೆ ಮುಖ ಮಾಡಬೇಕು. ಒಂದು ತಪ್ಪಿದರೂ ಎರಡು ಚುಕ್ಕೆ ಕಲಸಿ ಒಂದೇ ಚುಕ್ಕೆಯಾಗಿ ಕಾಣುತ್ತದಂತೆ. ಅಂಥ ರಾತ್ರಿ ವರ್ಷಕ್ಕೆ ನಾಲ್ಕೋ ಐದೋ. ಅದರಲ್ಲೊಂದು ಗ್ರೀಸಣ್ಣನ ಜೇಬಿನಲ್ಲಿ ಮಲಗಿ ಹೋಗಿತ್ತು.

ಅದಕ್ಕೇ ಭಾವ ನನ್ನ ಅಂಗಡಿಗೆ ಬಂದು ದನಿ ಇಳಿಸಿ ಕೇಳಿದ್ದು. "ಇನ್ನೊಂದು ಕೀ ಮಾಡಿಸಿಕೊಡೋ. ಆಫೀಸಿಗೆ ಬರೆದು ಕೇಳಿದ್ರೆ ಕೊಡಲ್ಲ, ನಿಯಮ ಅಂತಾರೆ. ಡ್ರಾಯರ್‌ನಲ್ಲಿ ಇಟ್ಕೊಂಡಿರ್ತೀನಿ. ಯಾರಿಗೂ ಗೊತ್ತಾಗೋದು ಬೇಡ. ನಿನ್ನ ಗ್ರೀಸಿನ ವಿಷಯ ಸ್ಟೋರ್ ಆಫೀಸರಿಗೆ ನಾನು ಹೇಳ್ತೀನಿ."

ಮಾಡಿಸಿಕೊಟ್ಟೆ.

ಇನ್ನೊಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಆ ರಾತ್ರಿ ಅರ್ಥವಾಗದು. ಕಂಟ್ರೋಲ್ ರೂಮಿನ ಗೋಡೆಗೆ ಎರಡು ಗಡಿಯಾರ. ಒಂದು ನಮ್ಮದು, ಇನ್ನೊಂದು ಆಕಾಶದ್ದು. ನಕ್ಷತ್ರ ದಿನಾ ನಾಲ್ಕು ನಿಮಿಷ ಮುಂಚೆ ಹುಟ್ಟುತ್ತದೆ. ಇವತ್ತು ಹನ್ನೊಂದೂ ಇಪ್ಪತ್ತಕ್ಕೆ ಬಂದ ಗೆಲಾಕ್ಸಿ, ಮುಂದಿನ ವಾರ ಅದೇ ದಿನ ಹತ್ತೂ ಐವತ್ತೆರಡಕ್ಕೇ ಬಂದಿರುತ್ತದೆ. ಹಾಗಾಗಿ ದಿನದಿನದ ಹೊತ್ತು ಬರೆದು ಡಿಶ್ಶಿನ ಮೆಟ್ಟಿಲ ಬುಡದ ಬೋರ್ಡಿಗೆ ಚೀಟಿ ಅಂಟಿಸಬೇಕು. ಅದು ಭಾವನ ಕೆಲಸ.

ಗ್ರೀಸಣ್ಣ ಒಂದು ವಾರ ರಜೆಯಲ್ಲಿದ್ದ. ಬಂದ ದಿನವೇ ಏಳು ಡಿಶ್ಶಿನ ರಾತ್ರಿ. ಮೇಲಿನ ಬೇರಿಂಗು ಕಿರ್... ಕಿರ್... ಅನ್ನುತ್ತಿತ್ತು. ಹತ್ತು ಗಂಟೆಗೆ ಕೀಲಿಕೈ ಕಿತ್ತು, ಎದೆ ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡು ಹತ್ತಿದ. ಬೋರ್ಡಿನಲ್ಲಿದ್ದದ್ದು ಹೋದ ವಾರದ ಚೀಟಿ, ಭಾವ ಬದಲಾಯಿಸಿರಲಿಲ್ಲ. ಹನ್ನೊಂದೂ ಇಪ್ಪತ್ತು. ಇನ್ನೂ ಹೊತ್ತಿದೆ ಅಂದುಕೊಂಡಿರಬೇಕು.

ಹತ್ತೂ ನಲವತ್ತೈದಕ್ಕೆ ಭಾವ ಪ್ಯಾನಲ್ ನೋಡಿದರು. ಕೀಲಿಕೈ ಇಲ್ಲ. ಮೇಲಿನ ಫೋನಿಗೆ ಮಾಡಿದರು. ಟ್ರಿಣ್... ಟ್ರಿಣ್... ಎತ್ತಲಿಲ್ಲ. ಗ್ರೀಸಣ್ಣ ಫೋನಿನ ಗೂಡಿನಿಂದ ಆಚೆ, ಬೇರಿಂಗಿನ ಹತ್ತಿರ ಇದ್ದನಲ್ಲ.

"ಮತ್ತೆ ಜೇಬಿನಲ್ಲಿ ಹಾಕ್ಕೊಂಡು ಮನೆಗೆ ಹೋಗಿದಾನೆ ನೋಡಿ, ಕತ್ತೆ," ಅಂದರು ಭಾವ.

ಮೇಡಂ ಗಡಿಯಾರ ನೋಡಿದರು. ಆಕಾಶದ್ದು. "ಏಳು ನಿಮಿಷ ಇದೆ."

ಭಾವ ಡ್ರಾಯರ್ ಎಳೆದರು.

ಮೋಟಾರು ಗೂಂ... ಅಂತ ಎದ್ದಿತು. ಕಂಟ್ರೋಲ್ ರೂಮಿಗೆ ನೆಲದ ಮೂಲಕ ಬಂದದ್ದು ಅದೊಂದೇ ಸದ್ದು. ಆಮೇಲೆ ಬ್ರೇಕು, ಟಕ್. ನಾಲ್ಕು ತಾಸು ರೆಕಾರ್ಡ್ ಆಯಿತು. ಒಂದು ಗೀಟಿಲ್ಲ, ಒಂದು ಕಿಡಿಯಿಲ್ಲ. ಅಂಥ ಶುದ್ಧ ರಾತ್ರಿ ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ ಅಂದರಂತೆ ಮೇಡಂ.

ಮೂರು ಗಂಟೆಗೆ ಭಾವ ಹೊರಟರು. ಚಂದ್ರ ಇರಲಿಲ್ಲ. ಬಾವಿಯ ಹತ್ತಿರ ಬಂದಾಗ ಹಿಂದಿನಿಂದ ಚಪ್ಪಲಿ ಸದ್ದು. ಸರ್... ಸರ್... ಸರ್... ಪಕ್ಕಕ್ಕೆ ಬಂತು.

"ಸಾರ್..."

"ಯಾರದು? ಗ್ರೀಸಣ್ಣನಾ? ಎದೆ ಒಡೆದುಬಿಡ್ತಿತ್ತಲ್ಲೋ!"

"ಕೀ ನನ್ನ ಹತ್ರಾನೇ ಇತ್ತು ಸಾರ್."

ಭಾವ ಹೆಜ್ಜೆ ಜೋರು ಮಾಡಿದರು.

"ಮತ್ತೆ... ಡಿಶ್ ಹೆಂಗೆ ತಿರುಗ್ತು?"

ಸಿಕ್ಕಿಬಿದ್ದೆ ಅಂದುಕೊಂಡರು ಭಾವ. ಎರಡನೇ ಕೀಲಿಕೈ ವಿಷಯ ಇವನ ಬಾಯಿಗೆ ಬಿದ್ದರೆ ನಾಳೆ ಆಫೀಸಿಗೆ ಮುಟ್ಟುತ್ತದೆ. ಥಟ್ಟನೆ ಬಾಯಿಗೆ ಬಂದದ್ದು ಹೇಳಿದರು.

"ನೀನೇ ಪ್ಯಾನಲ್‌ನಲ್ಲಿ ಬಿಟ್ಟು ಹೋಗಿದ್ಯಲ್ಲೋ."

"ನಾನಾ?"

"ನೀನೇ. ಇನ್ನೂ ರಜೆಯ ಗುಂಗಿನಲ್ಲಿದೀಯ."

ಕತ್ತಲಲ್ಲಿ ಬಟ್ಟೆ ತಟ್ಟುವ ಸದ್ದು. ಟಪ್. ಟಪ್. ಎದೆಯ ಎರಡು ಜೇಬು. ಟಪ್... ಟಪ್. ಪ್ಯಾಂಟಿನ ಎರಡು.

"ಬಿಟ್ಟಿದ್ನಾ..." ಅಂದ. "ನಾನು ಯಾವತ್ತೂ ಬಿಟ್ಟವನಲ್ಲ ಸಾರ್..."

ಕ್ವಾರ್ಟರ್ಸಿನ ತಿರುವಿನಲ್ಲಿ ಭಾವ ನೋಡಿದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ತನ್ನ ಮನೆ ಕಡೆ ಹೋಗಿರುತ್ತಾನೆ ಅಂತ ಬಂದು ಮಲಗಿದರು.

ಐದಕ್ಕೆ ಬಾಗಿಲು ಬಡಿದ ಸದ್ದು. ಗ್ರೀಸಣ್ಣನ ಹೆಂಡತಿ. "ಅಣ್ಣಾ, ಇವರು ಬಂದೇ ಇಲ್ಲ."

"ಮೂರು ಗಂಟೆಗೆ ನನ್ನ ಜೊತೇನೇ ಬಂದ್ನಲ್ಲಮ್ಮ!"

ಅಕ್ಕ ಈ ಮಾತಿಗೆ ಸಾಕ್ಷಿ. ಅಲ್ಲೇ ನಿಂತಿದ್ದಳು.

ಐದೂವರೆಗೆ ನನ್ನ ಮನೆ ಫೋನು ಬಡಿಯಿತು. ಭಾವನ ದನಿ ಗುರುತೇ ಸಿಗಲಿಲ್ಲ. ವ್ಯಾನು ತಗೊಂಡು ಹೋದೆ. ಭಾವ ಇನ್ನೂ ಯಾರಿಗೂ ಹೇಳಿರಲಿಲ್ಲ.

ಡಿಶ್ಶಿನ ಬುಡದಲ್ಲಿ ಗ್ರೀಸಣ್ಣ ಮಲಗಿದ್ದ. ಮೈಮೇಲೆಲ್ಲ ಇಬ್ಬನಿ. ಸ್ವಲ್ಪ ಸರಿಸಿ ನೋಡಿದೆ, ಕೆಳಗಿನ ನೆಲ ಒಣಗಿತ್ತು. ರಾತ್ರಿ ಸರಕು ಹೊರಗಿಟ್ಟು ಅಭ್ಯಾಸ ಇರುವವನಿಗೆ ಇದು ಹೇಳಿಕೊಡಬೇಕಿಲ್ಲ. ಇಬ್ಬನಿ ಬೀಳುವ ಮುಂಚೆಯೇ ಬಿದ್ದವನು. ಆಮೇಲೆ ಡಾಕ್ಟರೂ ಅದನ್ನೇ ಬರೆದರು: ಹನ್ನೊಂದರೊಳಗೆ ಸತ್ತಿದ್ದಾನೆ.

"ಮೂರು ಗಂಟೆಗೆ ನನ್ನ ಜೊತೆ ನಡೆದನೋ... ಮಾತಾಡಿದನೋ..." ಭಾವ ಅದನ್ನೇ ಹೇಳುತ್ತಿದ್ದರು.

"ಭಾವ, ಅದಿರಲಿ. ಎರಡನೇ ಕೀ ಎಲ್ಲಿ?"

"ನನ್ನ ಹತ್ರ."

"ಕೊಡಿ. ನೋಡಿ, ಇವನ ಜೇಬಿನಲ್ಲಿ ಕೀ ಸಿಕ್ಕರೆ ಕೊಂದವರು ನೀವು, ಕೀ ಮಾಡಿಸಿಕೊಟ್ಟವನು ನಾನು. ಪ್ಯಾನಲ್‌ನಲ್ಲಿ ಸಿಕ್ಕರೆ ಸತ್ತದ್ದು ಇವನ ತಪ್ಪಿಂದ."

"ಪಾಪ ಅಲ್ವೇನೋ?"

"ಪಾಪವೇ. ಬೇಗ ಹೇಳಿ, ಬೆಳಕಾಗ್ತಿದೆ."

ಅವರು ಮುಖ ಆ ಕಡೆ ತಿರುಗಿಸಿದರು. ಅದನ್ನು ನಾನು ಒಪ್ಪಿಗೆ ಅಂತ ತಗೊಂಡೆ. ಗ್ರೀಸಣ್ಣನ ಬಲಗೈ ಎದೆ ಜೇಬಿನ ಮೇಲೇ ಇತ್ತು. ಬೆರಳು ಸೆಟೆದಿದ್ದವು. ಒಂದೊಂದೇ ಬಿಡಿಸಿ, ಗುಂಡಿ ತೆಗೆದು, ಕೀಲಿಕೈ ತಗೊಂಡು ಹೋಗಿ ಪ್ಯಾನಲ್ಲಿಗೆ ಸಿಕ್ಕಿಸಿದೆ. ಇನ್ನೊಂದನ್ನು ಬಾವಿಗೆ ಬಿಟ್ಟೆ. ಬುಳುಕ್ ಅಂದಿತು. ಆಮೇಲೆ ಅಂಗಡಿಗೆ ವಾಪಸ್ ಬಂದು ಬಾಗಿಲು ತೆಗೆದೆ. ಅವತ್ತು ವ್ಯಾಪಾರ ಚೆನ್ನಾಗೇ ಆಯಿತು.

ವಿಚಾರಣೆ ನಡೆಯಿತು. ಮೂರು ಕುರ್ಚಿ, ಒಂದು ಅಳತೆ ಟೇಪು, ಒಂದೂವರೆ ಪುಟದ ವರದಿ. ಮೃತನು ಕೀಲಿಕೈ ತೆಗೆಯದೆ, ನಿಯಮ ಮೀರಿ ಮೇಲೆ ಹತ್ತಿದ್ದರಿಂದ ಪರಿಹಾರಕ್ಕೆ ಅರ್ಹನಲ್ಲ. ಆರು ತಿಂಗಳೊಳಗೆ ಮನೆ ಖಾಲಿ ಮಾಡತಕ್ಕದ್ದು. ಅವನ ಹೆಂಡತಿ ಎಲ್ಲರ ಬಾಗಿಲಿಗೂ ಹೋಗಿ ಅದೇ ಒಂದು ಮಾತು ಹೇಳಿದಳು. "ಅವರು ಕೀ ಇಲ್ದೆ ಒಂದು ಮೆಟ್ಟಿಲೂ ಹತ್ತೋರಲ್ಲ. ಮನೆ ಬೀಗ ಹಾಕಿದ ಮೇಲೂ ಮೂರು ಸಲ ಜೇಬು ಮುಟ್ಟಿ ನೋಡ್ಕೊಳ್ಳೋರು." ಯಾರೂ ಸುಳ್ಳು ಅನ್ನಲಿಲ್ಲ. ಯಾರೂ ಬರೆದುಕೊಳ್ಳಲೂ ಇಲ್ಲ.

ಭಾವನಿಗೆ ಶುರುವಾದದ್ದು ಎಂಟನೇ ದಿನ.

ಮೂರು ಗಂಟೆ. ಬಾವಿ. ಸರ್... ಸರ್... ಸರ್...

"ಸಾರ್... ನಾನೇ ಬಿಟ್ಟಿದ್ನಾ?"

ಟಪ್. ಟಪ್. ಟಪ್... ಟಪ್.

ಭಾವ ಓಡಿದರು. ಮರುದಿನ ಮತ್ತೆ. ಅದರ ಮರುದಿನ ಮತ್ತೆ. ಮೈಮೇಲೆ ಬೀಳುವುದಿಲ್ಲ, ಹೆದರಿಸುವುದಿಲ್ಲ, ಬೈಯುವುದಿಲ್ಲ. ಕೇಳುತ್ತದೆ, ಅಷ್ಟೇ. ಅದೇ ಮರ್ಯಾದೆಯ ದನಿ. ಸಾರ್ ಅಂತಲೇ. ಬೈದಿದ್ದರೆ ತಡಕೊಳ್ಳಬಹುದಿತ್ತು ಕಣೋ ಅಂದರು ಒಮ್ಮೆ. ಸುತ್ತು ಹಾಕಿ ಬೇರೆ ದಾರಿ ಹಿಡಿದರು. ಅಲ್ಲೂ ಚಪ್ಪಲಿ ಸದ್ದು.

ಐದು ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿದಳು. "ನಿಮ್ಮ ಭಾವ ಅನ್ನ ಬಿಟ್ಟಿದಾರೆ ಕಣೋ. ನಿದ್ದೇಲಿ ಜೇಬು ತಟ್ಟಿಕೊಳ್ತಾರೆ. ಮೈಮೇಲೆ ಅಂಗಿ ಇಲ್ದಿದ್ರೂ ತಟ್ಟಿಕೊಳ್ತಾರೆ."

ಹೋದ ದಿನವೇ ಅಲ್ಲಿ ದೊಡ್ಡ ಸಂಭ್ರಮ. ಏಳು ದೇಶದ ರೆಕಾರ್ಡ್ ಡಿಸ್ಕುಗಳನ್ನೆಲ್ಲ ಒಂದು ಕಡೆ ಕೂಡಿಸಿ, ಚಿತ್ರ ಮಾಡಿ ಕಳಿಸಿದ್ದರು. ಕಂಟ್ರೋಲ್ ರೂಮಿನ ಗೋಡೆಗೆ ಅಂಟಿಸಿದ್ದರು. ನಾನೂ ನೋಡಿದೆ. ಕಪ್ಪು ಹಾಳೆ, ನಡುವೆ ಎರಡು ಚುಕ್ಕೆ. ಒಂದು ಸ್ವಲ್ಪ ದೊಡ್ಡದು, ಇನ್ನೊಂದು ಪಕ್ಕದಲ್ಲಿ ಒತ್ತಿಕೊಂಡು. ಕಪ್ಪುಕುಳಿ ಕಣ್ಣಿಗೆ ಕಾಣುವುದಿಲ್ಲವಂತೆ. ಅದರ ಬಾಯಿಂದ ಹೊರಬಿದ್ದದ್ದು ಕಾಣುವುದಂತೆ. ಮೇಡಮ್ಮಿನ ಕಣ್ಣಲ್ಲಿ ನೀರು. "ಎರಡಿವೆ," ಅಂದರು. "ಎರಡಿವೆ ಅಂತ ಹನ್ನೊಂದು ವರ್ಷ ಹೇಳಿದೆ."

ಎಲ್ಲರೂ ಹೋಗುವತನಕ ಕಾದು ಭಾವ ಬಾಗಿಲು ಮುಚ್ಚಿದರು. ಧಬ್. ಜೇಬಿನಿಂದ ಒಂದು ಕಾಗದ ತೆಗೆದರು. ಎಲ್ಲಾ ಬರೆದಿದ್ದರು. ಎರಡನೇ ಕೀಲಿಕೈ, ಬದಲಾಯಿಸದ ಚೀಟಿ, ಡ್ರಾಯರ್. ನಿರ್ದೇಶಕರಿಗೆ ಕೊಡುವುದಂತೆ. ಕೊಟ್ಟರೆ ಆ ಹೆಂಗಸಿಗೆ ಪರಿಹಾರ ಸಿಗುತ್ತದೆ, ಮಗಳ ಓದು ಮುಗಿಯುವವರೆಗೆ ಮನೆಯೂ ಉಳಿಯುತ್ತದೆ. ಭಾವ ಜೈಲಿಗೆ. ನಾನೂ ಹಿಂದೆಯೇ.

"ಮೇಡಂ, ನೀವೊಂದು ಸಹಿ ಹಾಕಬೇಕು. ಅವತ್ತು ನಾನು ಡ್ರಾಯರ್‌ನಿಂದ ಕೀ ತೆಗೆದಿದ್ದು ನೀವು ನೋಡಿದ್ರಿ."

ಮೇಡಂ ಕಾಗದ ಓದಿದರು. ಮಡಿಸಿ ವಾಪಸ್ ಕೊಟ್ಟರು. "ನಾನು ಪರದೆ ನೋಡ್ತಾ ಇದ್ದೆ."

"ನಿಮ್ಮ ಮುಂದೇನೇ ತೆಗೆದೆ ಮೇಡಂ..."

"ಆ ರಾತ್ರಿ ಮೇಲೆ ಪೊಲೀಸ್ ತನಿಖೆ ಅಂತ ಬಂದ್ರೆ ರೆಕಾರ್ಡೆಲ್ಲ ಸೀಲ್ ಮಾಡ್ತಾರೆ. ಲೇಖನ ನಿಲ್ಲುತ್ತೆ. ಲೇಖನ ನಿಂತ್ರೆ ಈ ಡಿಶ್ ನಿಲ್ಲುತ್ತೆ, ನಿಮಗೇ ಗೊತ್ತು." ಗೋಡೆಯ ಚಿತ್ರದ ಕಡೆ ತಿರುಗಿ ಮತ್ತೆ ಹೇಳಿದರು. "ನಾನು ಪರದೆ ನೋಡ್ತಾ ಇದ್ದೆ."

ಬೆಳಕಿಗೇ ಕೋಟಿಗಟ್ಟಲೆ ವರ್ಷ ಹಿಡಿಯುವ ದೂರದಲ್ಲಿ ಎರಡು ಚುಕ್ಕೆ ಬೇರೆ ಮಾಡಿ ಎಣಿಸಿದ ಹೆಂಗಸು. ಮೂರು ಮಾರು ದೂರದ ಡ್ರಾಯರ್ ಕಾಣಲಿಲ್ಲ. ನನಗೆ ಅವರ ಮೇಲೆ ಕೋಪವೇನೂ ಬರಲಿಲ್ಲ. ಅದೇ ಜಾಗದಲ್ಲಿ ನನಗೂ ಕಾಣುತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಭಾವ ಅಂದರು, "ನೀನಾದ್ರೂ ಸಾಕ್ಷಿ ಹಾಕು."

"ಭಾವ, ನಿಮಗೆ ನಿದ್ದೆ ಇಲ್ಲ, ಅದಕ್ಕೆ ಕಿವಿಯಲ್ಲಿ ಸದ್ದು. ಒಂದು ಮಾತಿಗೆ ಬನ್ನಿ. ಇವತ್ತು ರಾತ್ರಿ ನಾನೂ ನಿಮ್ಮ ಜೊತೆ ನಡೀತೀನಿ. ನನ್ನ ಕಿವಿಗೆ ಏನೂ ಬೀಳದಿದ್ರೆ ಆ ಕಾಗದ ನಂಗೆ ಕೊಡಬೇಕು."

"ಬಿದ್ರೆ?"

"ಬಿದ್ರೆ ಸಹಿ ಹಾಕ್ತೀನಿ. ನನ್ನ ಮಾತು ಮಾತೇ."

ಮೂರಕ್ಕೆ ಹೊರಟೆವು. ಭಾವ ಮುಂದೆ, ನಾನು ಹಿಂದೆ. ಟಾರ್ಚು ಭಾವನ ಕೈಯಲ್ಲಿ, ಆರಿಸಿದ್ದರು. ಹುಳುವಿನ ಸದ್ದು ಜೀಂ ಅಂತ. ಬಾವಿಕಟ್ಟೆ ಕಂಡಿತು. ಹುಳುವಿನ ಸದ್ದು ನಿಂತಿತು... ಯಾರೋ ಸ್ವಿಚ್ ಆರಿಸಿದ ಹಾಗೆ.

ಸರ್... ಸರ್... ಸರ್...

ನನ್ನ ಹಿಂದಿನಿಂದ. ನನ್ನನ್ನು ದಾಟಿ ಭಾವನ ಪಕ್ಕಕ್ಕೆ ಹೋಯಿತು. ದಾಟುವಾಗ ವಾಸನೆ ಬಂತು. ನನ್ನದೇ ಮಾಲು. ಹಳದಿ ಡಬ್ಬದ್ದು. ಮೂವತ್ತು ವರ್ಷದ ಮೂಗು ಇದು, ತಪ್ಪುವುದಿಲ್ಲ.

"ಸಾರ್... ನಾನೇ ಬಿಟ್ಟಿದ್ನಾ?"

ಟಪ್. ಟಪ್. ಟಪ್... ಟಪ್.

ಕಿವಿಗೆ ಬಿತ್ತು. ಈ ಎರಡು ಕಿವಿಗೆ. ಗಾಳಿಯಲ್ಲ, ಎಲೆಯಲ್ಲ, ನಾಯಿಯಲ್ಲ. ನಮ್ಮ ಅಂಗಡಿಗೆ ಬಂದು ಒಳ್ಳೇ ಮಾಲೇ ಬೇಕು ಅಂತ ಕೇಳುತ್ತಿದ್ದ ಅದೇ ದನಿ.

ಭಾವ ನಿಂತರು. "ಇಲ್ಲಪ್ಪ..." ಅಂತ ಶುರು ಮಾಡಿದರು. "ಇಲ್ಲ. ಕೀ ನೀನು..."

ನಾನು ಅವರ ಮುಂಗೈ ಹಿಡಿದು ಅದುಮಿದೆ. ಹೇಳಿದೆ.

"ಹೌದು. ನೀನೇ ಬಿಟ್ಟಿದ್ದೆ. ಪ್ಯಾನಲ್‌ನಲ್ಲಿ ಇದ್ದದ್ದನ್ನ ನಾನೂ ನೋಡಿದೀನಿ."

ಸದ್ದಿಲ್ಲ.

ಆಮೇಲೆ ಎದೆ ಜೇಬಿನ ಮೇಲೆ ಒಂದೇ ಸಲ, ಟಪ್.

"ಸಾಹುಕಾರ್ರು ನೋಡಿದಾರೆ ಅಂದ್ರೆ... ಸರಿ ಸಾರ್." ಸಣ್ಣಗೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ತಪ್ಪಾಯ್ತು."

ಸರ್... ಸರ್... ಡಿಶ್ಶಿನ ಕಡೆಗೆ ಹೋಯಿತು. ಆಮೇಲೆ ಹುಳುಗಳು ಮತ್ತೆ ಜೀಂ ಅಂದವು.

ಭಾವ ಬಾವಿಕಟ್ಟೆಯ ಮೇಲೆ ಕುಸಿದರು. "ಕೇಳಿಸ್ತಲ್ಲ. ಸಹಿ ಹಾಕು."

"ಅವನೇ ಒಪ್ಪಿಕೊಂಡ ಮೇಲೆ ಸಹಿ ಯಾಕೆ ಭಾವ?"

ಅವರು ನನ್ನನ್ನು ನೋಡಿದ ನೋಟ ಕತ್ತಲಲ್ಲಿ ಕಾಣಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು.

ಮರುದಿನದಿಂದ ಆ ದಾರಿಯಲ್ಲಿ ಏನೂ ಇಲ್ಲ. ಭಾವ ಒಂದು ವಾರ ಕಾದರು, ಎರಡು ವಾರ ಕಾದರು. ಚಪ್ಪಲಿ ಸದ್ದಿಲ್ಲ. ನಿದ್ದೆ ಬಂತು, ಅನ್ನ ಸೇರಿತು. ಹೆದರಿಕೆ ಹೋಯಿತು ನೋಡಿ, ಅದರ ಜೊತೆಗೇ ಕಾಗದ ಕೊಡಬೇಕೆಂಬ ಆಸೆಯೂ ಹೋಯಿತು. ನಾನು ಕಿತ್ತುಕೊಳ್ಳಬೇಕಾಗಲಿಲ್ಲ. ಅವರೇ ಹರಿದರು. ಆದರೆ ನನ್ನ ಜೊತೆ ಅವತ್ತಿಂದ ಮಾತಿಲ್ಲ. ನಾನು ಹೋದರೆ ಒಳಗಿನ ಕೋಣೆಗೆ ಎದ್ದು ಹೋಗುತ್ತಾರೆ. ಅಕ್ಕ ಟೀ ತಂದಿಟ್ಟು ಗೋಡೆ ನೋಡುತ್ತಾಳೆ.

ಗ್ರೀಸಣ್ಣನ ಹೆಂಡತಿ ಮನೆ ಖಾಲಿ ಮಾಡಿದ ದಿನ ಸಾಮಾನು ಸಾಗಿಸಿದ್ದು ನನ್ನ ವ್ಯಾನೇ. ಕಾಂಪೌಂಡಿಗೆ ಬೇರೆ ಗಾಡಿ ಬಿಡುವುದಿಲ್ಲವಲ್ಲ. ಬಾಡಿಗೆ ತಗೊಳ್ಳಲಿಲ್ಲ. ಮಗಳನ್ನು ಮೇಲೆ ಹತ್ತಿಸಿ ಆಕೆ ಕೇಳಿದಳು.

"ಅಣ್ಣಾ, ಕೀ ಪ್ಯಾನಲ್‌ನಲ್ಲೇ ಇತ್ತಾ? ನಿಜ ಹೇಳಿ."

"ನಾನು ಗ್ರೀಸ್ ಮಾರೋನಮ್ಮ. ನಂಗೇನು ಗೊತ್ತು?"

ಇನ್ನು ಬಂದದ್ದೆಷ್ಟು ಅಂತ ಕೇಳುತ್ತೀರಿ. ಹೇಳುತ್ತೇನೆ. ಮೇಡಮ್ಮಿಗೆ ದೊಡ್ಡ ಪದಕ ಬಂತು, ಹೊರದೇಶದ ಹುದ್ದೆ ಬಂತು. ಡಿಶ್ಶಿಗೆ ಹತ್ತು ವರ್ಷದ ಅನುದಾನ. ಭಾವನಿಗೆ ಬಡ್ತಿ. ನನಗೆ ಮೂರು ವರ್ಷದ ಸಪ್ಲೈ ಮುಗಿದು ಇನ್ನೂ ಮೂರು ವರ್ಷಕ್ಕೆ ಹೊಸ ಆರ್ಡರ್. ಆ ಹೆಂಗಸು ಎಲ್ಲಿದ್ದಾಳೋ ವಿಚಾರಿಸಿಲ್ಲ.

ಆರ್ಡರ್ ಹೊಸದಾಗುವ ಮುಂಚೆ ಸ್ಟೋರ್ ಆಫೀಸರು ಒಂದು ಸಲ ಕರೆಸಿದ್ದರು. ನನ್ನ ಹಳದಿ ಡಬ್ಬಗಳನ್ನು ತೋರಿಸಿದರು. ವರ್ಷಕ್ಕೆ ಹನ್ನೆರಡರ ಹಾಗೆ ಮೂರು ವರ್ಷಕ್ಕೆ ಮೂವತ್ತಾರು, ಮೊದಲನೆಯದು ಹೋದದ್ದೇ ಗ್ರೀಸಣ್ಣ ಸತ್ತ ಮೇಲೆ. ನಾನೇ ಕೂತು ಒಂದೊಂದೇ ಮುಟ್ಟಿ ಎಣಿಸಿದೆ. ಮೂವತ್ತಾರಕ್ಕೂ ಸೀಲು ಒಡೆದಿಲ್ಲ. ಗ್ರೀಸಣ್ಣನ ಜಾಗಕ್ಕೆ ಯಾರನ್ನೂ ತಗೊಂಡೂ ಇಲ್ಲ, ಬೇಕಾಗಿಲ್ಲವಂತೆ. ನಂಬದೆ ಹಗಲು ಹೊತ್ತಿನಲ್ಲೇ ಮೆಟ್ಟಿಲು ಹತ್ತಿ ಮೇಲೆ ಹೋಗಿ ನೋಡಿದೆ. ಬೇರಿಂಗಿಗೆ ಬೆರಳಿಟ್ಟೆ.

ಹೊಸ ಗ್ರೀಸು. ಅವತ್ತು ಬೆಳಿಗ್ಗೆ ಹಾಕಿದ್ದು.

ಮೂವತ್ತಾರು ಡಬ್ಬ ಮಾರಿದೆ. ಮೂವತ್ತಾರೂ ಹಾಗೇ ಇವೆ. ಬೇಕಾದರೆ ಹೋಗಿ ಎಣಿಸಿ.